ಹೆಸರಿನ ಹಿಂದಿನ ಊರು, ಊರಿನ ಹಿಂದಿನ ಮಾತು

ಮನೆತನದ ಚರಿತ್ರೆಯನ್ನು ಮಕ್ಕಳೇ ಹಿರಿಯರಿಂದ ಕೇಳಿ ಬರೆದಿಡುವುದು ಭಾಷೆ ಕಲಿಸುವ ಗಟ್ಟಿಯಾದ ದಾರಿಗಳಲ್ಲಿ ಒಂದು. ಅಜ್ಜಿಯನ್ನು ಮಾತಿಗೆ ಕೂರಿಸಬೇಕು, ನೆಂಟಸ್ತಿಕೆಯ ಹೆಸರುಗಳನ್ನು ತಿಳಿಯಬೇಕು, ಪೆಟ್ಟಿಗೆಯಲ್ಲಿರುವ ಹಳೆಯ ಕಾಗದಗಳನ್ನು ಓದಬೇಕು, ಕೇಳಿದ್ದನ್ನು ಓದುವಂತೆ ಬರೆಯಬೇಕು. ಆಲಿಸುವುದು, ಮಾತಾಡುವುದು, ಓದುವುದು, ಬರೆಯುವುದು ಎಂದು ಭಾಷಾ ಪಠ್ಯಪುಸ್ತಕಗಳು ಬೇರೆಬೇರೆಯಾಗಿ ಹೇಳುವ ನಾಲ್ಕು ಕೌಶಲಗಳೂ ಈ ಒಂದೇ ಕೆಲಸದಲ್ಲಿ ಕೂಡಿ ಬರುತ್ತವೆ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ತರಗತಿಯಲ್ಲಿ ಕೇಳುವುದಕ್ಕೂ, ನಿಜವಾಗಿ ಗೊತ್ತಿಲ್ಲದ್ದನ್ನು ಗೊತ್ತಿರುವವರ ಬಳಿ ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯದರಲ್ಲಿ ಮಗುವಿಗೆ ಭಾಷೆ ಬೇಕೇ ಬೇಕಾಗುತ್ತದೆ.

ತುಮಕೂರು ಜಿಲ್ಲೆಯ ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆ ಈ ಕೆಲಸಕ್ಕೆ ಹದವಾದ ನೆಲ. ತಾತ ನೆಟ್ಟ ಮರದ ಕಾಯಿಯನ್ನು ಮೊಮ್ಮಗ ಕೀಳಿಸುವ ಊರುಗಳಿವು. ಇಲ್ಲಿನ ಹಲವು ಮನೆಗಳಲ್ಲಿ ಒಬ್ಬರಾದರೂ ಬೆಂಗಳೂರು ಸೇರಿರುತ್ತಾರೆ, ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿರುತ್ತಾರೆ, ಅಜ್ಜಿ ಊರಲ್ಲೇ ಉಳಿದಿರುತ್ತಾಳೆ. ಹಬ್ಬಕ್ಕೋ ಬೇಸಿಗೆ ರಜೆಗೋ ಊರಿಗೆ ಬಂದ ಮಗುವಿಗೂ ಆ ಅಜ್ಜಿಗೂ ನಡುವೆ ಆಡಲು ಒಂದು ವಿಷಯ ಬೇಕು. ಮನೆತನದ ಚರಿತ್ರೆ ಆ ವಿಷಯವನ್ನು ಒದಗಿಸುತ್ತದೆ.

ಇನಿಷಿಯಲ್ ಬಿಡಿಸುವುದು

ಕೆಲಸ ಶುರುವಾಗುವುದು ಮಗುವಿನ ಹೆಸರಿನಿಂದಲೇ. ಹಳೇ ಮೈಸೂರು ಸೀಮೆಯ ರೂಢಿಯಲ್ಲಿ ಹೆಸರಿನ ಮುಂದಿನ ಅಕ್ಷರಗಳಲ್ಲಿ ಸಾಮಾನ್ಯವಾಗಿ ಒಂದು ಊರಿನದು, ಒಂದು ತಂದೆಯದು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ವಿದ್ವಾಂಸ ತೀ.ನಂ. ಶ್ರೀಕಂಠಯ್ಯನವರ ಹೆಸರಿನಲ್ಲಿ ‘ತೀ’ ಎಂದರೆ ತೀರ್ಥಪುರ, ‘ನಂ’ ಎಂದರೆ ತಂದೆ ನಂಜುಂಡಯ್ಯ. ಊರು, ತಂದೆ, ಮಗ ಮೂವರೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ.

ಬಿ.ಎಂ. ಶ್ರೀಕಂಠಯ್ಯನವರ ಹೆಸರು ಇನ್ನೊಂದು ಪಾಠ ಹೇಳುತ್ತದೆ. ‘ಬಿ’ ಎಂದರೆ ಈಗಿನ ಮಂಡ್ಯ ಜಿಲ್ಲೆಯ ಬೆಳ್ಳೂರು, ‘ಎಂ’ ಎಂದರೆ ತಂದೆ ಮೈಲಾರಯ್ಯ. ಆದರೆ ಬಿ.ಎಂ.ಶ್ರೀ ಹುಟ್ಟಿದ್ದು 1884ರ ಜನವರಿ 3ರಂದು, ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಅದು ತಾಯಿಯ ತವರು. ಹೊಸಗನ್ನಡ ಕಾವ್ಯಕ್ಕೆ ದಾರಿ ತೋರಿದ ಕವಿ ಮೊದಲು ಕಣ್ಣುಬಿಟ್ಟ ಊರು ಅವರ ಹೆಸರಿನಲ್ಲಿ ಎಲ್ಲೂ ಇಲ್ಲ. ಹೆಸರು ತಂದೆಯ ಊರನ್ನು ಹೇಳಿ ತಾಯಿಯ ಊರನ್ನು ಬಿಡುತ್ತದೆ. ಹೆರಿಗೆಗೆ ತವರಿಗೆ ಹೋಗುವ ವಾಡಿಕೆಯ ನಾಡಿನಲ್ಲಿ ಇದು ಒಂದು ಮನೆಯ ಮಾತಲ್ಲ. ಆದ್ದರಿಂದ ಮಗುವಿಗೆ ಕೊಡಬೇಕಾದ ಮೊದಲ ಪ್ರಶ್ನೆ ‘ನಿನ್ನ ಇನಿಷಿಯಲ್ ಬಿಡಿಸಿ ಬರೆ’ ಎಂಬುದಾದರೆ, ಎರಡನೆಯದು ‘ಅದರಲ್ಲಿ ಇಲ್ಲದ ಊರು ಯಾವುದು?’ ಎಂಬುದು. ಅಮ್ಮನ ತವರು, ಅಜ್ಜಿಯ ತವರು, ಮುತ್ತಜ್ಜಿಯ ತವರು ಎಂದು ಹಿಂದಕ್ಕೆ ನಡೆದರೆ ಒಂದೇ ಮನೆಗೆ ನಾಲ್ಕಾರು ಊರುಗಳ ನಕ್ಷೆ ಮೂಡುತ್ತದೆ. ಆ ಊರುಗಳೊಂದಿಗೆ ಅಲ್ಲಿನ ಮಾತೂ ಅಡುಗೆಯೂ ಮನೆಗೆ ಬಂದಿರುತ್ತವೆ.

ಹೆಳವರ ಬಾಯಿಲೆಕ್ಕ

ವಂಶದ ಕಥೆಯನ್ನು ಕಟ್ಟಿ ಒಪ್ಪಿಸುವ ವಿದ್ಯೆ ಕನ್ನಡ ನಾಡಿಗೆ ಹೊಸತಲ್ಲ. ಹೆಳವರು ಎಂಬ ಸಮುದಾಯದ ಕುಲಕಸುಬೇ ಅದು. ಸುಗ್ಗಿ ಮುಗಿದ ಮೇಲೆ ಎತ್ತು, ಗಾಡಿಗಳೊಂದಿಗೆ ಊರೂರು ತಿರುಗಿ, ತಮಗೆ ಒಕ್ಕಲಾದ ಮನೆಗಳ ಮುಂದೆ ನಿಂತು, ಆ ಮನೆತನದ ಮೂಲ ಯಾವ ಊರು, ಮನೆದೇವರು ಯಾರು, ಯಾವ ತಲೆಮಾರಿನಲ್ಲಿ ಯಾರು ಎಲ್ಲಿಗೆ ವಲಸೆ ಹೋದರು ಎಂಬುದನ್ನು ರಾಗವಾಗಿ ಹೇಳುತ್ತಿದ್ದರು. ಕಳೆದ ಸಲ ಬಂದು ಹೋದ ಮೇಲೆ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ದವಸವನ್ನೋ ಬಟ್ಟೆಯನ್ನೋ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟಗಳ ಗ್ರಂಥದಲ್ಲಿ, ಕಾಲನ್ನು ಕಂಬಳಿಯಲ್ಲಿ ಮುಚ್ಚಿ ಎತ್ತಿನ ಮೇಲೆ ಕುಳಿತು ಬರುವ ಹೆಳವರ ವರ್ಣನೆಯಿದೆ. ಅವರು ಊರಿನ ಚರಿತ್ರೆಯನ್ನು ಕಾಪಿಟ್ಟವರು ಎಂಬ ಮಾತೂ ಅಲ್ಲಿದೆ.

ಹೆಳವರಿಂದ ಶಾಲೆ ಕಲಿಯಬೇಕಾದ್ದು ಎರಡು. ಹೆಸರುಗಳ ಪಟ್ಟಿಯನ್ನು ಯಾರೂ ಕಿವಿಗೊಟ್ಟು ಕೇಳುವುದಿಲ್ಲ. ‘ಇಂಥವರು ಬರ ಬಂದು ಇಂಥ ಊರು ಬಿಟ್ಟರು’ ಎಂದಾಗ ಪಟ್ಟಿ ಕಥೆಯಾಗುತ್ತದೆ. ಎರಡನೆಯದಾಗಿ, ಹೇಳಿದ್ದನ್ನು ಮನೆಯವರ ಎದುರಿಗೇ ಹೇಳಬೇಕು. ತಪ್ಪಿದರೆ ತಿದ್ದುವವರು ಅಲ್ಲೇ ಇರುತ್ತಾರೆ. ಇದೇ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಅವರ ವೀರದೈವ ಜುಂಜಪ್ಪನ ಕಾವ್ಯವನ್ನು ಉದ್ದನೆಯ ಕೊಳಲಾದ ಗಣೆಯೊಂದಿಗೆ ಹಾಡುವ ಪರಂಪರೆಯಿದೆ. ಅದು ಇಡೀ ಸಮುದಾಯವೇ ತನ್ನ ಹುಟ್ಟನ್ನೂ ಅಲೆದಾಟವನ್ನೂ ನೆನಪಿಟ್ಟುಕೊಂಡ ಬಗೆ. ಹಟ್ಟಿಯ ಮಗುವಿಗೆ ಮನೆತನದ ಚರಿತ್ರೆ ಅಲ್ಲಿಂದಲೇ ಆರಂಭವಾಗಬಹುದು.

ನೆಂಟಸ್ತಿಕೆಯ ವ್ಯಾಕರಣ

ವಂಶವೃಕ್ಷ ಬರೆಯಲು ಕೂತ ಮಗು ಮೊದಲು ಎಡವುವುದು ‘ಅಂಕಲ್’, ‘ಆಂಟಿ’, ‘ಕಸಿನ್’ ಎಂಬ ಮೂರು ಪದಗಳಲ್ಲಿ. ಅಪ್ಪನ ಅಣ್ಣ ದೊಡ್ಡಪ್ಪ, ತಮ್ಮ ಚಿಕ್ಕಪ್ಪ, ಅಮ್ಮನ ಒಡಹುಟ್ಟಿದವನು ಸೋದರಮಾವ, ಅಪ್ಪನ ಒಡಹುಟ್ಟಿದವಳು ಸೋದರತ್ತೆ. ಈ ನಾಲ್ವರನ್ನೂ ಅಂಕಲ್, ಆಂಟಿ ಎಂದು ಕರೆದರೆ ಯಾರು ಯಾವ ಕಡೆಯವರು, ಯಾರು ಹಿರಿಯರು ಎಂಬುದು ಅಳಿಸಿಹೋಗುತ್ತದೆ. ಅಣ್ಣತಮ್ಮಂದಿರ ಹೆಂಡತಿಯರು ಪರಸ್ಪರ ವಾರಗಿತ್ತಿಯರು. ಅಕ್ಕತಂಗಿಯರ ಗಂಡಂದಿರು ಷಡ್ಡಕರು. ಮಕ್ಕಳನ್ನು ಕೊಟ್ಟು ತಂದುಕೊಂಡ ಮನೆಯವರು ಬೀಗರು. ಮೊಮ್ಮಗನ ಮುಂದೆ ಮರಿಮಗ, ಅವನ ಮುಂದೆ ಗಿರಿಮಗ.

ಈ ಪದಗಳ ಹಿಂದೆ ಒಂದು ಕಟ್ಟು ಇದೆ. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳೂ ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳೂ ಅಣ್ಣ, ತಮ್ಮ, ಅಕ್ಕ, ತಂಗಿ. ಸೋದರಮಾವನ ಮಕ್ಕಳೂ ಸೋದರತ್ತೆಯ ಮಕ್ಕಳೂ ಹಾಗಲ್ಲ, ಅವರು ಬಾವ, ಬಾಮೈದ, ಅತ್ತಿಗೆ, ನಾದಿನಿಯರ ಸಾಲು. ಗಂಡನ ಅಥವಾ ಹೆಂಡತಿಯ ತಂದೆಯೂ ‘ಮಾವ’ನೇ, ಅಮ್ಮನ ಅಣ್ಣನೂ ‘ಮಾವ’ನೇ. ಸೋದರಸಂಬಂಧದ ಮದುವೆಯ ರೂಢಿ ಪದಗಳಲ್ಲೇ ಅಚ್ಚಾಗಿದೆ. ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ ಜಗತ್ತಿನ ಬಂಧುಪದಗಳನ್ನು ಕಲೆಹಾಕಿ 1871ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ತಮಿಳು, ತೆಲುಗುಗಳ ಜೊತೆ ಕನ್ನಡದ ಪದಗಳೂ ಇದ್ದವು. ಈ ಬಗೆಯ ಏರ್ಪಾಡನ್ನು ಮಾನವಶಾಸ್ತ್ರ ಇಂದಿಗೂ ದ್ರಾವಿಡ ಬಂಧುವ್ಯವಸ್ಥೆ ಎಂದೇ ಕರೆಯುತ್ತದೆ. ಪಂಡಿತರು ಗ್ರಂಥ ಬರೆದು ವಿವರಿಸಿದ ಈ ವ್ಯವಸ್ಥೆಯನ್ನು ತುರುವೇಕೆರೆಯ ಅಜ್ಜಿಯೊಬ್ಬಳು ಮದುವೆಮನೆಯ ಚಪ್ಪರದಲ್ಲಿ ಕೂತು, ಬಂದವರನ್ನು ಒಬ್ಬೊಬ್ಬರನ್ನಾಗಿ ತೋರಿಸಿ ಹೇಳಿಕೊಡಬಲ್ಲಳು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕನ್ನಡ ತಾಯ್ನುಡಿಯವರು ಸುಮಾರು ಶೇ 66. ಉಳಿದ ಮೂರನೇ ಒಂದು ಭಾಗದ ಮನೆಗಳಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಲಂಬಾಣಿ ಮೊದಲಾದ ಮಾತುಗಳಿವೆ. ಈ ಸೀಮೆಯ ಕನ್ನಡದಲ್ಲಿ ಅಪ್ಪನ ಅಪ್ಪನೂ ತಾತ, ಅಮ್ಮನ ಅಪ್ಪನೂ ತಾತ. ಉರ್ದು ಮನೆಯ ಮಗು ಒಬ್ಬರನ್ನು ದಾದಾ, ಇನ್ನೊಬ್ಬರನ್ನು ನಾನಾ ಎನ್ನುತ್ತದೆ. ಕರಿಹಲಗೆಯ ಮೇಲೆ ಎರಡು ಕಂಬ ಎಳೆದು ಇವನ್ನು ಅಕ್ಕಪಕ್ಕ ಬರೆಸಿದರೆ ಕನ್ನಡ ಕಲಿಯುವವರಿಗೂ, ಕನ್ನಡವನ್ನೇ ಮನೆಮಾತಾಗಿ ಉಳ್ಳವರಿಗೂ ಹೊಸ ಅರಿವು ಹುಟ್ಟುತ್ತದೆ. ತನ್ನ ಮನೆಯ ಮಾತಿಗೆ ಶಾಲೆಯ ಹಲಗೆಯ ಮೇಲೆ ಜಾಗ ಸಿಕ್ಕ ಮಗು ಕನ್ನಡಕ್ಕೂ ತನ್ನ ಮನದಲ್ಲಿ ಜಾಗ ಕೊಡುತ್ತದೆ.

ಕೇಳುವ ಬಗೆ

‘ನಿಮ್ಮ ಬಾಲ್ಯದ ಬಗ್ಗೆ ಹೇಳಿ’ ಎಂದರೆ ಹಿರಿಯರು ‘ಏನೈತಪ್ಪ ಹೇಳಕ್ಕೆ’ ಎಂದು ಸುಮ್ಮನಾಗುತ್ತಾರೆ. ಪ್ರಶ್ನೆ ಕೈಗೆ ಸಿಗುವ ವಸ್ತುವನ್ನು ಹಿಡಿದಿರಬೇಕು. ಮನೆಯ ಅಟ್ಟವನ್ನೇ ತೆಗೆದುಕೊಳ್ಳಬಹುದು. ತಿಪಟೂರು ಸೀಮೆಗೆ ಹೆಸರು ತಂದ ಉಂಡೆ ಕೊಬ್ಬರಿ ಆಗುವುದು ಅಲ್ಲಿ. ಬಲಿತ ಕಾಯಿಗಳನ್ನು ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ, ತಿರುಳು ಕರಟ ಬಿಟ್ಟು ಬೇರೆಯಾಗುತ್ತದೆ. ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಾಗ ನೀರಿನ ಸದ್ದು ಹೋಗಿ ಒಣಗಿದ ತಿರುಳಿನ, ಅಂದರೆ ಗಿಟುಕಿನ, ಗಡಗಡ ಕೇಳಿದರೆ ಕೊಬ್ಬರಿ ಆಯಿತೆಂದು ಅರ್ಥ. ಆಮೇಲೆ ಮಟ್ಟೆ ಸುಲಿದು, ಕರಟ ಒಡೆದು, ಗಿಟುಕನ್ನು ಆರಿಸಿ ತಿಪಟೂರಿನ ಮಾರುಕಟ್ಟೆಗೆ ಹಾಕುತ್ತಾರೆ.

ಅಜ್ಜಿಯ ಜೊತೆ ಅಟ್ಟದ ಕೆಳಗೆ ನಿಂತ ಮಗು ಕೇಳಬೇಕಾದ್ದು ಇಷ್ಟೇ: ಈ ಕಾಯಿ ಯಾವಾಗ ಏರಿಸಿದ್ದು? ಯಾರು ಏರಿಸಿದರು? ಆಗ ನೀನು ಏನು ಮಾಡುತ್ತಿದ್ದೆ? ಮೊದಲ ಸಲ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಏನು ತಂದಿರಿ? ಉತ್ತರಗಳೊಂದಿಗೆ ಹೊಂಬಾಳೆ, ಸೋಗೆ, ಗರಿ, ಮಟ್ಟೆ, ನಾರು, ಕರಟ, ಗಿಟುಕು ಎಂಬ ಪದಗಳು ತಾವಾಗಿಯೇ ಬರುತ್ತವೆ. ಒಂದು ಮಾತು ಇನ್ನೊಂದನ್ನು ಎಳೆದು ತರುತ್ತದೆ. ರಾಗಿಯನ್ನು ನೆಲದೊಳಗೆ ತುಂಬಿಡುತ್ತಿದ್ದ ಹಗೇವು, ಎತ್ತು ಕಟ್ಟಿ ಬಾವಿಯ ನೀರೆತ್ತುತ್ತಿದ್ದ ಕಪಿಲೆ, ಬೀಸುವ ಕಲ್ಲು, ಒನಕೆ, ಒರಳು, ಕೊಳಗ, ಖಂಡುಗ ಎಲ್ಲವೂ ಆಚೆಗೆ ಬರುತ್ತವೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂದು ಅಜ್ಜ ಹೇಳಿದ್ದನ್ನು ಬರೆದುಕೊಂಡ ಮಗು ಪದದ ಜೊತೆ ಲೆಕ್ಕವನ್ನೂ ಕಲಿಯುತ್ತದೆ.

ಈ ಪದಗಳನ್ನು ಅರ್ಥಕೋಶದಂತೆ ಬಾಯಿಪಾಠ ಮಾಡಿಸಿದರೆ ವಾರದಲ್ಲಿ ಮರೆತುಹೋಗುತ್ತವೆ. ‘ನಮ್ಮ ಅಜ್ಜಿ ಹಗೇವಿಗೆ ಇಳಿದಾಗ ಉಸಿರು ಕಟ್ಟಿತ್ತಂತೆ’ ಎಂಬ ವಾಕ್ಯದಲ್ಲಿ ಬಂದ ಹಗೇವು ಮರೆಯುವುದಿಲ್ಲ. ಪದಕ್ಕೆ ಒಬ್ಬ ಮನುಷ್ಯ ಅಂಟಿಕೊಂಡಿರುತ್ತಾನೆ.

ಕಾಲ ಹಿಡಿಯುವುದು

ಹಿರಿಯರ ನೆನಪಿನಲ್ಲಿ ಇಸವಿ ಇರುವುದು ಕಡಿಮೆ. ಸಂವತ್ಸರ, ಹಬ್ಬ, ಬರ, ಬೇನೆಗಳು ಇರುತ್ತವೆ. ‘ನಾನು ವಿಕೃತಿ ಸಂವತ್ಸರದಾಗ ಹುಟ್ಟಿದ್ದು’ ಎಂದು ಅಜ್ಜ ಹೇಳಿದರೆ ಅದು 1950–51. ಅರವತ್ತು ಸಂವತ್ಸರಗಳ ಚಕ್ರದಲ್ಲಿ ಅದೇ ಹೆಸರು 2010–11ರಲ್ಲಿ ಮತ್ತೆ ಬಂದಿತ್ತು. ಮುತ್ತಜ್ಜಿಯ ಬಾಯಿಂದ ದಾಟಿ ಬಂದ ‘ಧಾತು ಈಶ್ವರದ ಬರ’ ಎಂದರೆ 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಹಿಂಡಿದ ಕ್ಷಾಮ. ಧಾತು, ಈಶ್ವರ ಆ ಎರಡು ವರ್ಷಗಳ ಹೆಸರುಗಳು. ಪ್ಲೇಗು ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟದ್ದು 1898ರಲ್ಲಿ. ಆಮೇಲೂ ಮತ್ತೆ ಮತ್ತೆ ಬಂದಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ನಯಾಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಹೇಮಾವತಿ ನಾಲೆಗೆ ನೀರು ಬಂದ ವರ್ಷ, ಮನೆಗೆ ಕರೆಂಟು ಬಂದ ವರ್ಷ ಇವೂ ಗುರುತಿನ ಕಲ್ಲುಗಳೇ. ‘ನಾಲೆ ಬರೋ ಮುಂಚೆಯೋ ಆಮೇಲೋ?’ ಎಂದು ಕೇಳಿ ಕೇಳಿ ಮಗು ಒಂದು ಕಾಲರೇಖೆ ಎಳೆಯಬಲ್ಲದು. ಮುಂಚೆ, ಆಮೇಲೆ, ಅಷ್ಟರಲ್ಲಿ, ಆ ಹೊತ್ತಿಗೆ ಎಂಬ ಕಾಲಸೂಚಕ ಮಾತುಗಳ ಬಳಕೆ ಇಲ್ಲಿ ಪಳಗುತ್ತದೆ.

ಮನೆಯ ನೆನಪು ಸಾಹಿತ್ಯವಾಗುವ ಬಗೆಯನ್ನು ತೋರಿಸಲು ಇದೇ ಸೀಮೆಯ ಕೃತಿಯೊಂದಿದೆ. ನೆರೆಯ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ 1970ರಲ್ಲಿ ಬಂತು. ಶಾನುಭೋಗಿಕೆಯ ಲೆಕ್ಕಪತ್ರ, ಪ್ಲೇಗು, ಬಡತನಗಳ ನಡುವೆ ಮನೆ ನಡೆಸಿದ ಹೆಣ್ಣೊಬ್ಬಳ ಬದುಕನ್ನು ಅದು ತಿಪಟೂರು–ಚನ್ನರಾಯಪಟ್ಟಣ ಭಾಗದ ಆಡುಮಾತಿನಲ್ಲೇ ಕಟ್ಟಿಕೊಟ್ಟಿದೆ. ಪ್ರೌಢಶಾಲೆಯ ಮಕ್ಕಳು ತಮ್ಮ ಮನೆಯ ಹಿರಿಯರು ಹೇಳಿದ ಪ್ಲೇಗಿನ ಕಥೆಯನ್ನು ಕಾದಂಬರಿಯ ಪ್ಲೇಗಿನ ಪಕ್ಕದಲ್ಲಿಟ್ಟು ಓದಬಹುದು.

ಕಾಗದಪತ್ರಗಳ ಕನ್ನಡ

ನೆನಪಿಗೆ ಆಧಾರವಾಗಿ ಮನೆಯಲ್ಲಿ ಕಾಗದಗಳಿರುತ್ತವೆ. ಪಹಣಿ, ಕ್ರಯಪತ್ರ, ಶಾಲೆಯ ಟಿ.ಸಿ., ಹಳೆಯ ರೇಷನ್ ಕಾರ್ಡು, ಲಗ್ನಪತ್ರಿಕೆ ಒಂದೊಂದರ ಕನ್ನಡವೂ ಬೇರೆ. ‘ಚಿ. ರಾ.’, ‘ಚಿ. ಸೌ.’, ‘ಸುಖಾಗಮನ ಬಯಸುವವರು’ ಎಂಬ ಲಗ್ನಪತ್ರಿಕೆಯ ಭಾಷೆಯನ್ನೂ ‘ಚಕ್ಕುಬಂದಿ’, ‘ಖರಾಬು’, ‘ಪೌತಿ ಖಾತೆ’ ಎಂಬ ಕಂದಾಯ ಇಲಾಖೆಯ ಭಾಷೆಯನ್ನೂ ಬಿಡಿಸಿ ಓದುವುದು ದೊಡ್ಡವರಿಗೂ ಬೇಕಾದ ವಿದ್ಯೆ. ಊರ ಮುಂದಿನ ವೀರಗಲ್ಲೂ ಒಂದು ಕಾಗದವೇ. ತುರುಗಳನ್ನು ಬಿಡಿಸಲು ಹೋರಾಡಿ ಸತ್ತವನ ಹೆಸರು ಕಲ್ಲಿನ ಮೇಲೆ ಉಳಿದಿರುತ್ತದೆ. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1904ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೇ ಸಂಪುಟವಾಗಿ ಪ್ರಕಟಿಸಿದರು. ತಮ್ಮೂರಿನ ಶಾಸನ ಅದರಲ್ಲಿದೆಯೇ ಎಂದು ಮಕ್ಕಳು ಹುಡುಕಬಹುದು.

ಇವೆಲ್ಲಕ್ಕಿಂತ ಮನೆಮನೆಗೂ ಪರಿಚಿತವಾದದ್ದು ನಾಡಕಚೇರಿಯ ವಂಶವೃಕ್ಷ ಪತ್ರ. ಜಮೀನುದಾರ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಲು ಅದು ಬೇಕು. ಆ ವೃಕ್ಷ ಆಸ್ತಿಗಾಗಿ ಬರೆದದ್ದು, ಹಕ್ಕಿದ್ದವರ ಹೆಸರನ್ನಷ್ಟೇ ಅದು ಕೇಳುತ್ತದೆ. ಬಹಳ ಕಾಲ ಹೆಣ್ಣುಮಕ್ಕಳ ಹೆಸರು ಅದರಲ್ಲಿ ಎದ್ದು ಕಾಣುತ್ತಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಕೊಟ್ಟಿತು. ಶಾಲೆಯ ವಂಶವೃಕ್ಷ ಇದಕ್ಕಿಂತ ಅಗಲವಾಗಿರಬೇಕು. ಸೋದರತ್ತೆಯೂ, ಬಾಣಂತನ ಮಾಡಿದ ಅಜ್ಜಿಯೂ, ಚಿಕ್ಕಂದಿನಲ್ಲೇ ತೀರಿಕೊಂಡ ಮಗುವೂ ಅದರಲ್ಲಿ ಇರಬೇಕು.

ಎಚ್ಚರದ ಮಾತು

ಮನೆತನ ಎಂದ ಕೂಡಲೇ ಜಾತಿಯ ಹೆಮ್ಮೆ ಅಥವಾ ನೋವು ಒಳಗೆ ಬರುತ್ತದೆ. ಒಬ್ಬರ ಮನೆಯಲ್ಲಿ ಏಳು ತಲೆಮಾರಿನ ಹೆಸರಿದ್ದರೆ, ಇನ್ನೊಬ್ಬರ ಮನೆಯಲ್ಲಿ ಅಜ್ಜನ ಆಚೆಗೆ ಯಾರೂ ಬರೆದಿಟ್ಟಿರುವುದಿಲ್ಲ. ತೋಟ ಇದ್ದವರಿಗೆ ಪಹಣಿ ಇರುತ್ತದೆ. ಆ ತೋಟದ ಮರ ಹತ್ತಿ ಕಾಯಿ ಕಿತ್ತವರಿಗೆ, ಮಟ್ಟೆ ಸುಲಿದವರಿಗೆ, ನಾರು ಹೊಸೆದವರಿಗೆ ಅಂಥ ಕಾಗದ ಇರುವುದಿಲ್ಲ. ಆದರೆ ಅವರ ಬಳಿ ಕೆಲಸದ ನೆನಪಿದೆ, ಕೈಯ ಹದವಿದೆ, ತೋಟದವರಿಗೇ ಗೊತ್ತಿಲ್ಲದ ಮಾತುಗಳಿವೆ. ಉದ್ದನೆಯ ವಂಶಾವಳಿಗೆ ಹೆಚ್ಚು ಅಂಕ ಕೊಟ್ಟರೆ ಶಾಲೆ ಹಳೆಯ ಅನ್ಯಾಯವನ್ನೇ ಮುಂದುವರಿಸಿದಂತೆ. ಅಂಕ ಕೊಡಬೇಕಾದ್ದು ಕೇಳಿದ ಪ್ರಶ್ನೆಗೆ, ಆಲಿಸಿದ ತಾಳ್ಮೆಗೆ, ಬರೆದ ಕ್ರಮಕ್ಕೆ.

ತಂದೆ ಇಲ್ಲದ ಮಗು, ಹಾಸ್ಟೆಲಿನಲ್ಲಿ ಬೆಳೆಯುವ ಮಗು, ದತ್ತು ಬಂದ ಮಗು ಇವರಿಗೆ ‘ನಿನ್ನನ್ನು ಸಾಕಿದವರು ಯಾರು, ಅವರ ಕಥೆ ಏನು?’ ಎಂದು ಕೇಳಿದರೆ ಸಾಕು. ಮನೆಯ ಜಗಳ, ಸಾಲ, ಬಿಟ್ಟುಹೋದವರ ವಿಷಯ ಹಿರಿಯರು ಹೇಳಬಯಸದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಬರೆದದ್ದನ್ನು ತರಗತಿಯಲ್ಲಿ ಓದುವ ಮುನ್ನ ಮನೆಯವರ ಒಪ್ಪಿಗೆ ಕೇಳುವುದೂ ಪಾಠದ ಭಾಗ.

ಬೇರೆ ನಾಡುಗಳಲ್ಲಿ

ಅಮೆರಿಕದ ಜಾರ್ಜಿಯಾ ರಾಜ್ಯದ ಗುಡ್ಡಗಾಡಿನ ಶಾಲೆಯೊಂದರ ಮಕ್ಕಳು 1966ರಲ್ಲಿ ಊರ ಹಿರಿಯರನ್ನು ಮಾತಾಡಿಸಿ ‘ಫಾಕ್ಸ್‌ಫೈರ್’ ಎಂಬ ಪತ್ರಿಕೆ ತಂದರು. ಮರದ ಮನೆ ಕಟ್ಟುವುದರಿಂದ ಹಿಡಿದು ಔಷಧಿ ಬೇರುಗಳವರೆಗಿನ ಅದರ ಬರಹಗಳನ್ನು 1972ರಿಂದ ಪುಸ್ತಕಗಳಾಗಿ ದೇಶವೆಲ್ಲ ಓದಿತು. ಅರಿಜೋನಾದ ಟೂಸಾನಿನಲ್ಲಿ ಲೂಯಿಸ್ ಮೊಲ್ ಮತ್ತು ಸಂಗಡಿಗರು ಶಿಕ್ಷಕರನ್ನೇ ಮೆಕ್ಸಿಕನ್ ಮೂಲದ ಮಕ್ಕಳ ಮನೆಗಳಿಗೆ ಕಳಿಸಿದರು. ಬಡವರ ಮನೆಗಳಲ್ಲಿ ಬೇಸಾಯ, ಕಟ್ಟಡ, ವ್ಯಾಪಾರ, ಔಷಧಗಳ ತಿಳಿವಿನ ಭಂಡಾರವೇ ಇದೆ, ಪಾಠವನ್ನು ಅದರ ಮೇಲೆ ಕಟ್ಟಬಹುದು ಎಂದು 1992ರಲ್ಲಿ ತೋರಿಸಿದರು. ನ್ಯೂಜಿಲೆಂಡಿನ ಮಾವೊರಿಗಳು ತಮ್ಮ ನುಡಿ ಅಳಿಯುವ ಅಂಚಿಗೆ ಬಂದಾಗ 1982ರಲ್ಲಿ ಹಿರಿಯರೇ ಮಾತಾಡಿ ಬೆಳೆಸುವ ಶಿಶುಶಾಲೆಗಳನ್ನು ತೆರೆದರು. ಅವರಲ್ಲಿ ಪರಿಚಯ ಹೇಳಿಕೊಳ್ಳುವಾಗ ತಮ್ಮ ಬೆಟ್ಟ, ನದಿ, ಕುಲಗಳನ್ನು ಮೊದಲು ಹೇಳಿ ತಮ್ಮ ಹೆಸರನ್ನು ಕೊನೆಗೆ ಹೇಳುವ ಸಂಪ್ರದಾಯವಿದೆ. ಊರು, ತಂದೆ, ಆಮೇಲೆ ತಾನು ಎಂಬ ನಮ್ಮ ಇನಿಷಿಯಲ್ಲಿನ ಕ್ರಮವೂ ಅದೇ.

ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್, ರಾಬಿನ್ ಫೈವುಷ್ ಎಂಬ ಮನಶ್ಶಾಸ್ತ್ರಜ್ಞರು ಇಪ್ಪತ್ತು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಅಜ್ಜ ಅಜ್ಜಿ ಎಲ್ಲಿ ಬೆಳೆದರು, ಅಪ್ಪ ಅಮ್ಮ ಹೇಗೆ ಭೇಟಿಯಾದರು ಎಂಬಂಥ ಪ್ರಶ್ನೆಗಳವು. ಹೆಚ್ಚು ಉತ್ತರ ಗೊತ್ತಿದ್ದ ಮಕ್ಕಳಲ್ಲಿ ಆತ್ಮವಿಶ್ವಾಸ ಹೆಚ್ಚು ಕಂಡಿತು. ಉತ್ತರ ಬಾಯಿಪಾಠ ಮಾಡಿಸಿದರೆ ಆ ಫಲ ಸಿಗದು, ಆ ಕಥೆಗಳನ್ನು ಹೇಳುತ್ತಾ ಕೇಳುತ್ತಾ ಮನೆಯವರು ಕೂಡಿ ಕಳೆದ ಹೊತ್ತೇ ಮುಖ್ಯ ಎಂದು ಅವರೇ ಹೇಳಿದ್ದಾರೆ. ಹೊರದೇಶದ ಕನ್ನಡ ಕೂಟಗಳು ನಡೆಸುವ ವಾರಾಂತ್ಯದ ಕನ್ನಡ ತರಗತಿಗಳಿಗೂ ಇದು ಒದಗುತ್ತದೆ. ಅಲ್ಲಿನ ಮಗುವಿಗೆ ಕನ್ನಡ ಬೇಕಾಗುವ ದೊಡ್ಡ ಸಂದರ್ಭ ಊರಿನ ಅಜ್ಜಿಗೆ ಮಾಡುವ ಫೋನ್ ಕರೆ. ವಾರಕ್ಕೊಂದು ಪ್ರಶ್ನೆ ಹಿಡಿದು ಕರೆ ಮಾಡಿದರೆ ‘ಊಟ ಆಯ್ತಾ, ಚೆನ್ನಾಗಿದ್ದೀಯಾ’ ಎಂಬಲ್ಲಿಗೆ ಮಾತು ಮುಗಿಯುವುದಿಲ್ಲ.

ಬರಹಕ್ಕೆ ಇಳಿಸುವುದು

ಕೇಳಿದ್ದನ್ನು ಎರಡು ಸಲ ಬರೆಯಬೇಕು. ಮೊದಲ ಸಲ, ಹಿರಿಯರು ಆಡಿದಂತೆಯೇ. ‘ಐತೆ’ ಎಂದಿದ್ದರೆ ಐತೆ, ‘ಅಳ್ಳಿ’ ಎಂದಿದ್ದರೆ ಅಳ್ಳಿ. ಇದನ್ನು ತಿದ್ದಬಾರದು, ಇದು ಈ ಸೀಮೆಯ ಕನ್ನಡ. ಎರಡನೆಯ ಸಲ, ಓದುವವರಿಗಾಗಿ ಗ್ರಂಥದ ಕನ್ನಡದಲ್ಲಿ. ಆಗ ಮನೆಯಲ್ಲಿ ಅಜ್ಜಿಯನ್ನು ‘ನೀನು’ ಎನ್ನುವ ಮಗು ಬರಹದಲ್ಲಿ ‘ಅವರು’ ಎನ್ನಬೇಕಾಗುತ್ತದೆ, ‘ಹೋದಳು’ ಎಂಬುದು ‘ಹೋದರು’ ಆಗುತ್ತದೆ. ಅಜ್ಜಿ ಹೇಳಿದ ‘ನಾನು ಹೊತ್ತೆ’ ಎಂಬುದನ್ನು ‘ತಾವು ಹೊತ್ತದ್ದಾಗಿ ಹೇಳಿದರು’ ಎಂದು ಬದಲಿಸಬೇಕಾಗುತ್ತದೆ. ಕ್ರಿಯಾಪದ, ಬಹುವಚನ, ಪರೋಕ್ಷ ಕಥನಗಳ ವ್ಯಾಕರಣಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗುವುದು ಕಷ್ಟ. ಎರಡು ಪ್ರತಿಗಳನ್ನೂ ಉಳಿಸಿಕೊಂಡರೆ, ಒಂದು ಭಾಷೆಗೆ ಎರಡು ಉಡುಪುಗಳಿವೆ, ಎರಡಕ್ಕೂ ಅದರದರ ಹೊತ್ತಿದೆ ಎಂಬುದು ಮಗುವಿಗೆ ತಾನಾಗಿಯೇ ತಿಳಿಯುತ್ತದೆ.

ಬರೆದು ಮುಗಿದ ಮೇಲೆ ಒಂದು ಪ್ರತಿ ಶಾಲೆಯ ಗ್ರಂಥಾಲಯಕ್ಕೆ, ಒಂದು ಪ್ರತಿ ಮನೆಗೆ. ಕೊನೆಯ ಹಂತ ಓದಿ ಹೇಳುವುದು. ಹೆಳವರು ಮನೆಯವರ ಮುಂದೆ ನಿಂತು ಹೇಳಿದಂತೆ, ಮಗು ಹಿರಿಯರನ್ನು ಕೂರಿಸಿ ಬರೆದದ್ದನ್ನು ಗಟ್ಟಿಯಾಗಿ ಓದಬೇಕು. ಓದಲು ಬಾರದ ಅಜ್ಜಿಗೂ ತನ್ನ ಬದುಕು ಅಕ್ಷರದಲ್ಲಿ ಹೇಗೆ ಕೇಳಿಸುತ್ತದೆ ಎಂದು ತಿಳಿಯುವುದು ಆಗಲೇ. ‘ಅದು ಹಂಗಲ್ಲ ಮಗ, ಆ ವರ್ಷ ಮಳೆ ಇರಲಿಲ್ಲ’ ಎಂದು ಆಕೆ ತಡೆದರೆ, ಮಗು ಪೆನ್ಸಿಲ್ ತೆಗೆದು ಆ ಸಾಲನ್ನು ತಿದ್ದಬೇಕು.